ಮಾವ ಕೊಟ್ಟ ತಾಮ್ರದ ಹಕ್ಕಿ

ದರ್ಜಿಯ ಗ್ರಹಚಾರ ಅವತ್ತು ಧೂಳು ಒರೆಸುವ ಬಟ್ಟೆಯ ರೂಪದಲ್ಲಿ ಬಂದಿತ್ತು.

ಹೆಂಡತಿ ತನ್ನ ಅಪ್ಪನನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋಗಿದ್ದಳು. ಅಷ್ಟರಲ್ಲಿ ಮನೆ ಲಕಲಕ ಅನ್ನಲಿ ಎಂದು ಇವನು ಕಪಾಟಿನ ನೆತ್ತಿಯ ಮೇಲಿದ್ದ ತಾಮ್ರದ ಹಕ್ಕಿಯನ್ನು ಇಳಿಸಿದ. ತಾಮ್ರದ ಕೆಲಸದ ಮಾವ ಮದುವೆಗೆ ಕೈಯಾರೆ ಮಾಡಿಕೊಟ್ಟ ಹಕ್ಕಿ ಅದು. ಹೆಂಡತಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಒರೆಸಿದ್ದೇ ತಡ, ರೆಕ್ಕೆ ಕಳಚಿ ಕೈಗೆ ಬಂತು.

‘ಅಳಿಯಂದಿರ ಕೈಲಿ ಏನೂ ನೆಟ್ಟಗೆ ಉಳಿಯಲ್ಲ’ ಎನ್ನುವುದು ಮಾವನ ಹಳೇ ಪಲ್ಲವಿ. ಇದನ್ನು ಕಂಡರೆ ಚರಣವೂ ಶುರುವಾಗುತ್ತಿತ್ತು.

ಪಕ್ಕದ ಮನೆಯ ಪೈಪ್ ರಿಪೇರಿಯವನು ಗ್ಯಾಸ್ ಟಾರ್ಚು, ಬೆಸುಗೆ ಕಡ್ಡಿ ತಂದ.

“ಲೋಹಕ್ಕೆ ಹೊಲಿಗೆ ಹಾಕೋದು ತಾನೆ? ನಾನೇ ಹಾಕ್ತೀನಿ ಕೊಡು,” ಎಂದ ದರ್ಜಿ.

“ಕಡ್ಡಿ ಸುಡ್ಬೇಡ ಗುರುವೇ, ತಾಮ್ರ ಕಾಯಿಸು. ಅದು ಕೆಂಪಗಾದ್ಮೇಲೆ ಕಡ್ಡಿ ಮುಟ್ಟಿಸು, ತಾನೇ ಕರಗಿ ಸಂದಿಗೆ ಹರಿಯುತ್ತೆ.”

ಹಿತ್ತಲ ಇಟ್ಟಿಗೆಯ ಮೇಲೆ ಉರಿ ಬುಸುಗುಟ್ಟಿತು. ರೆಕ್ಕೆ ಕೂತಿತು, ಆ ಬಿಸಿಗೆ ಬಾಲ ಬಿತ್ತು. ಬಾಲ ಕೂತಿತು, ಕೊಕ್ಕು ಬಿತ್ತು.

“ಗರಿ ಉದುರೋ ಕಾಲ ಇರ್ಬೇಕು,” ಎಂದ ಗೋಡೆಯಾಚೆಯಿಂದ ಕ್ಷೌರಿಕ. “ಕೂತ ಕಡೆಗೆಲ್ಲ ಒದ್ದೆ ಬಟ್ಟೆ ಸುತ್ತಪ್ಪ, ಬಿಸಿ ಏರಲ್ಲ.”

ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ಮಾವನಿಗೆಂದೇ ಹೊಲಿದಿಟ್ಟ ಹೊಸ ಅಂಗಿ. ಅದನ್ನೇ ಅರೆಬರೆ ನೆನೆಸಿ ಸುತ್ತಿದ. ಕೊಕ್ಕು ಕೂತಿತು. ಅಂಗಿಯ ತೋಳು ಹಪ್ಪಳದಂತೆ ಸುಟ್ಟಿತು. ದರ್ಜಿ ಅದನ್ನು ಮಿಷನ್ನಿನ ಕೆಳಗೆ ತುರುಕಿ, ನಿಂಬೆರಸ, ಉಪ್ಪು ಹಾಕಿ ಹಕ್ಕಿಯನ್ನು ಉಜ್ಜಿದ. ಅದು ಆಗತಾನೇ ಮಿಂದು ಬಂದಂತೆ ಬೆಳಗಿತು. ದೇವರು ದೊಡ್ಡವನು ಅಂದುಕೊಂಡು ಅದನ್ನು ಮತ್ತೆ ಕಪಾಟಿನ ಮೇಲೇರಿಸಿದ.

ಆ ಹೊಳಪೇ ಮುಳುವಾಯಿತು. ಬರುವಾಗಲೆಲ್ಲ ಕೆಳಗಿನಿಂದಲೇ ನೋಡಿ ಸುಮ್ಮನಾಗುತ್ತಿದ್ದ ಮಾವ ಇವತ್ತು ಸ್ಟೂಲು ಹತ್ತಿ ಹಕ್ಕಿಯನ್ನು ಕೈಗೆತ್ತಿಕೊಂಡರು. ರೆಕ್ಕೆಯ ಬುಡದಲ್ಲಿ ಹೆಬ್ಬೆರಳಾಡಿಸಿದರು.

“ಬೆಸುಗೆ ಚೆನ್ನಾಗಿ ಕೂತಿದೆ ಅಳಿಯಂದ್ರೇ. ಆದ್ರೆ ನನ್ನ ಹಕ್ಕಿ ಎಲ್ಲಿ?”

“ಇದೇ ಅಲ್ವಾ ಮಾವ?”

“ನಾನು ಮಾಡಿದ್ದು ಒಂದೇ ತಗಡು ತಟ್ಟಿ. ಅದಕ್ಕೆ ಬೆಸುಗೆನೇ ಇರ್ಲಿಲ್ಲ. ಇದು ಅಂಗಡಿ ಮಾಲು.”

ದರ್ಜಿ ಹೆಂಡತಿಯ ಕಡೆ ನೋಡಿದ. ಅವಳು ಫ್ಯಾನನ್ನು ಜನ್ಮದಲ್ಲೇ ಕಾಣದವಳಂತೆ ದಿಟ್ಟಿಸುತ್ತಿದ್ದಳು. ಹಕ್ಕಿ ಅಷ್ಟು ಎತ್ತರದಲ್ಲಿ ಯಾಕೆ ಕೂತಿತ್ತು ಎಂಬುದು ಅವನಿಗೆ ಈಗ ಹೊಳೆಯಿತು.

“ನಾನು ಬಡ್ಕೊಂಡೆ ಅಪ್ಪ, ಮುಟ್ಬೇಡಿ ಅಂತ,” ಎಂದಳು ಫ್ಯಾನಿನಿಂದ ಕಣ್ಣು ಕೀಳದೆ. “ಇವರು ಕೇಳಿದ್ರೆ ತಾನೆ? ಅದನ್ನ ಎಲ್ಲಿ ಹಾಳು ಮಾಡಿದ್ರೋ.”

ದರ್ಜಿ ಸಂಸಾರಸ್ಥ. ಬಾಯಿ ತೆರೆದವನು ದೇವರ ಮೇಲೆ ಭಾರ ಹಾಕಿ ಮುಚ್ಚಿಕೊಂಡ.

ಮಾವನಿಗೆ ಪಾಪ ಅನ್ನಿಸಿರಬೇಕು. ಸ್ಟೂಲಿನಿಂದ ಇಳಿದು ಅಳಿಯನ ಹೆಗಲ ಮೇಲೆ ಕೈಯಿಟ್ಟರು.

“ಹೋಗ್ಲಿ ಬಿಡಿ. ಕತ್ತರಿ ಹಿಡಿಯೋ ಕೈ, ಅದರಲ್ಲಾದ್ರೂ ನೆಟ್ಟಗಿದ್ದೀರಲ್ಲ. ನನಗೇನೋ ಅಂಗಿ ಹೊಲಿದಿದೀರಂತೆ, ತನ್ನಿ ನೋಡೋಣ.”