ನಾನು ಕ್ರಮವಾಗಿ ಕೆಡಿಸಿದ ಕಾರು

೧೯೭೪ರ ಜನವರಿ ೧೯, ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಮಠದ ಕಾರಿನ ಬಾನೆಟ್ಟನ್ನು ನಾನು ಮೊದಲ ಬಾರಿಗೆ ಎತ್ತಿದ್ದು ಆಗ. ಎತ್ತುವಾಗ ಮನಸ್ಸಿನಲ್ಲಿ ಯಾವ ಅಳುಕೂ ಇರಲಿಲ್ಲ. ಪ್ರತಿ ಸಂಜೆ ಬ್ಯಾಂಕಿನ ಲೆಕ್ಕವನ್ನು ಸರಿದೂಗಿಸಿಯೇ ಕುರ್ಚಿ ಬಿಡುವ ಮನುಷ್ಯನಿಗೆ ನಾಲ್ಕು ಸಿಲಿಂಡರಿನ ಎಂಜಿನ್ ಯಾವ ದೊಡ್ಡ ಲೆಕ್ಕ?

ವಿಷಯ ಇಷ್ಟು. ಧಾರವಾಡದಿಂದ ಕಾಶೀಯಾತ್ರೆಗೆ ಬಂದಿದ್ದ ನನ್ನ ಅತ್ತೆ ಮಾವ ಭಾನುವಾರ ಹತ್ತೂವರೆಗೆ ಗಂಗೆಯಾಚೆಯ ಮೊಗಲ್‌ಸರಾಯಿಯಲ್ಲಿ ರೈಲು ಹತ್ತಬೇಕಿತ್ತು. ಗುರುವಾರ ಅವರ ಕಿರಿಯ ಮಗಳ ನಿಶ್ಚಿತಾರ್ಥ. ಈ ರೈಲು ತಪ್ಪಿದರೆ ಮತ್ತೆ ಟಿಕೇಟು ಸಿಗುವುದರೊಳಗೆ ಹುಡುಗನ ಕಡೆಯವರು ಬೇರೆ ಮನೆಯಲ್ಲಿ ಚಹಾ ಕುಡಿದಿರುತ್ತಿದ್ದರು. ಟ್ಯಾಕ್ಸಿಗೆ ಹೇಳಿಬಿಡೋಣ ಎಂದು ಮಾವನವರು ಎರಡು ಸಲ ಸೂಚಿಸಿದರು. ನಾನು ಎರಡು ಸಲವೂ ನಕ್ಕೆ. ಅಳಿಯ ಇರುವಾಗ ಟ್ಯಾಕ್ಸಿಯೇ?

ಅಳಿಯನ ಬಳಿ ಕಾರು ಇರಲಿಲ್ಲ ಎಂಬುದು ಸಣ್ಣ ತೊಡಕು. ಆದರೆ ಕಾಶಿಯಲ್ಲಿರುವ ನಮ್ಮ ಕನ್ನಡಿಗರ ಮಠದಲ್ಲಿ ಒಂದಿತ್ತು. ಅದರ ಚಾಲಕ ಸಂಕ್ರಾಂತಿಗೆ, ಅಂದರೆ ಇಲ್ಲಿಯವರ ಖಿಚಡಿ ಹಬ್ಬಕ್ಕೆ, ಊರಿಗೆ ಹೋದವನು ಖಿಚಡಿ ಮುಗಿಸಿ ಬಂದಿರಲಿಲ್ಲ. ಮಠದ ಜಮಾಖರ್ಚು ಬರೆದುಕೊಡುವ ನನ್ನ ಮೇಲಿನ ವಿಶ್ವಾಸದಿಂದ ವ್ಯವಸ್ಥಾಪಕರು ಕೀಲಿಕೈ ಕೊಟ್ಟು ಮೂರು ಮಾತು ಹೇಳಿದರು. ಚಳಿಗೆ ಸ್ವಲ್ಪ ಹಟ ಮಾಡುತ್ತದೆ. ಐದಾರು ಸಲ ತಿರುಗಿಸಿದರೆ ಹೊರಡುತ್ತದೆ. ಬೇರೇನೂ ಮುಟ್ಟಬೇಡಿ. ಮೊದಲೆರಡನ್ನು ನಾನು ರೋಗಿಯ ವಿವರವೆಂದು ಸ್ವೀಕರಿಸಿದೆ. ಮೂರನೆಯದು ನನ್ನ ಬಟ್ಟೆಯ ಮೇಲಿನ ಕಾಳಜಿ ಎಂದುಕೊಂಡೆ.

ಸೋನಾರ್‌ಪುರದ ನಮ್ಮ ಬಾಡಿಗೆ ಮನೆಯ ಮುಂದೆ ಕಾರು ತಂದು ನಿಲ್ಲಿಸಿದೆ. ನಿಜವಾಗಿ ಆರನೆಯ ಸಲಕ್ಕೇ ಹೊರಟಿತ್ತು. ಆದರೆ ಆರು ಎಂಬುದು ನನಗೆ ಹಿಡಿಸಲಿಲ್ಲ. ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಮಲಗಿಸಿದೆ.

ನನ್ನ ಹೆಂಡತಿ ಸುಮಿತ್ರಾ ಬಂದು ನೋಡಿದಳು.

"ಚಾಲೂ ಆಗ್ತಿತ್ತಲ್ಲ, ಬಿಚ್ಚೂದು ಯಾಕ?"

"ಆಗುತ್ತಿತ್ತು. ತಡವಾಗಿ."

"ನೀವೂ ತಡಾ ಮಾಡೇ ಏಳ್ತೀರಿ. ನಾ ಏನರ ಬಿಚ್ಚೇನೇನು?"

ಈ ವಾದವನ್ನು ತಾಂತ್ರಿಕವಲ್ಲವೆಂದು ತಳ್ಳಿಹಾಕಿ ಮಸಿ ಉಜ್ಜಿದೆ. ತುದಿಯ ಸಂದುಗಳನ್ನು ಸರಿಪಡಿಸಿದೆ. ಒಂದೊಂದನ್ನೂ ಎಂಜಿನ್ನಿಗೆ ತಾಗಿಸಿ ಹಿಡಿದು, ಸುಮಿತ್ರಾಳಿಗೆ ಕೀಲಿ ತಿರುಗಿಸಲು ಹೇಳಿ, ನೀಲಿ ಕಿಡಿ ಹಾರುವುದನ್ನು ಕಣ್ಣಾರೆ ನೋಡಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ಆಗಲೇ ಆ ತಂತಿಗಳು ಕಣ್ಣಿಗೆ ಬಿದ್ದವು. ವಿದ್ಯುತ್ತನ್ನು ಹಂಚುವ ಒಂದು ಕರಿಯ ಮುಚ್ಚಳದಿಂದ ನಾಲ್ಕು ಪ್ಲಗ್ಗುಗಳಿಗೆ ನಾಲ್ಕು ತಂತಿ. ಒಂದರ ಪಕ್ಕ ಎರಡು ಇರಬೇಕಲ್ಲವೇ? ಇರಲಿಲ್ಲ. ಒಂದರ ಮೇಲೆ ಒಂದು ಹಾದು, ಯಾರದೋ ಪಾಳಿಯಲ್ಲಿ ಯಾರೋ ನುಗ್ಗಿದ ಪಡಿತರದಂಗಡಿಯ ಸಾಲಿನಂತಿತ್ತು. ರೋಗದ ಮೂಲ ಸಿಕ್ಕಿತು! ನಾಲ್ಕನ್ನೂ ಕಿತ್ತು, ಮುಚ್ಚಳದ ಸುತ್ತ ಒಂದು, ಎರಡು, ಮೂರು, ನಾಲ್ಕು ಎಂದು ವರ್ತುಲವಾಗಿ ಚುಚ್ಚಿದೆ. ಬ್ಯಾಟರಿಯನ್ನು ವೃಥಾ ದಣಿಸಬಾರದೆಂಬ ನಿಯಮಕ್ಕೆ ಗೌರವ ಕೊಟ್ಟು, ಚಾಲೂ ಮಾಡಿ ನೋಡದೆ ಬ್ಯಾಂಕಿಗೆ ಹೋದೆ. ದಿನಚರಿಯಲ್ಲಿ "ಕಾರು: ಸರಿಪಡಿಸಲಾಯಿತು" ಎಂದು ಬರೆದೆ. ಮಸಿ ಇನ್ನೂ ಅಳಿಸಿಲ್ಲ.

ಭಾನುವಾರ ಎಂಟು ಗಂಟೆ. ಮಂಜು. ಸಾಮಾನು ಹಿಂದೆ, ಗಂಗೆಯ ತಂಬಿಗೆ ಅತ್ತೆಯ ಮಡಿಲಲ್ಲಿ, ದೇವಸ್ಥಾನದ ಹೂಮಾಲೆ ಮಾವನವರ ಕೊರಳಲ್ಲಿ. ನಾನು ಕೀಲಿ ತಿರುಗಿಸಿದೆ. ಕಾರು ಢಮ್ಮೆಂದಿತು. ಎದುರಿನ ಮಾಳಿಗೆಯ ಪಾರಿವಾಳಗಳೆಲ್ಲ ಎದ್ದುಹೋದವು. ಮತ್ತೆ ತಿರುಗಿಸಿದರೆ ಮತ್ತೊಂದು ಢಮ್. ಆಮೇಲೆ ಅದೂ ಇಲ್ಲ.

ಪ್ಲಗ್ಗುಗಳನ್ನು ಬಿಚ್ಚಿದರೆ ಪೆಟ್ರೋಲಿನಲ್ಲಿ ತೊಯ್ದಿದ್ದವು. ಒಳಗೆ ತಂದು ಇದ್ದಿಲ ಒಲೆಯ ಅಂಚಿನಲ್ಲಿ ಒಣಗಿಸಿದೆ. ದಾರಿಯ ಬುತ್ತಿಗೆಂದು ಸುಮಿತ್ರಾ ಅಲ್ಲೇ ಕೊನೆಯ ಚಪಾತಿಗಳನ್ನು ಸುಡುತ್ತಿದ್ದಳು. ಒಣಗಿದ ಪ್ಲಗ್ಗು ಹಾಕಿದೆ. ಕೀಲಿ ತಿರುಗಿಸಿದೆ. ಬ್ಯಾಟರಿ ಒಂದು ನಿಟ್ಟುಸಿರು ಬಿಟ್ಟು ಮೌನವ್ರತ ಹಿಡಿಯಿತು. ಪೆಟ್ರೋಲಿನ ವಾಸನೆ ಹಿಡಿದದ್ದು ಚಪಾತಿಗೆ ಮಾತ್ರ.

ಇನ್ನು ತಳ್ಳುವುದೊಂದೇ ಉಳಿಯಿತು. ಪಕ್ಕದ ಗರಡಿಯ ನಾಲ್ವರು ಪೈಲ್ವಾನರು ಬಂದರು. ನಮ್ಮ ಬೀದಿಯಲ್ಲಿ ಇಳಿಜಾರಿರುವುದು ಒಂದೇ ದಿಕ್ಕಿಗೆ: ಹರಿಶ್ಚಂದ್ರ ಘಾಟಿನ ಸ್ಮಶಾನಕ್ಕೆ. ಮಾವನವರು ಚಳಿಗೆ ಬಿಳಿಯ ಶಾಲನ್ನು ಗದ್ದದವರೆಗೆ ಎಳೆದುಕೊಂಡು, ಹಿಂದಕ್ಕೊರಗಿ, ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಪಕ್ಕದಲ್ಲಿ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಕಾರು ಸದ್ದಿಲ್ಲದೆ, ನಿಧಾನವಾಗಿ ಸಾಗಿತು. ಚಹಾದಂಗಡಿಯ ಬೆಂಚಿನಲ್ಲಿದ್ದವರು ಎದ್ದು ನಿಂತರು. ಇಬ್ಬರು ಕೈಮುಗಿದರು. ಒಬ್ಬ ಹಿರಿಯರು ನಾಲ್ಕು ಹೆಜ್ಜೆ ಜೊತೆಗೆ ಬಂದು ಪೈಲ್ವಾನನನ್ನು ಮೆಲ್ಲಗೆ ಕೇಳಿದರು.

"ಎಷ್ಟು ವಯಸ್ಸಾಗಿತ್ತು, ಗುರು?"

"ಅರವತ್ತೆರಡು" ಎಂಬ ಉತ್ತರ ಕಾರಿನ ಒಳಗಿನಿಂದ ಶುದ್ಧ ಹಿಂದಿಯಲ್ಲಿ ಬಂತು.

ಹಿರಿಯರು ಮುಂದೆ ಬರಲಿಲ್ಲ.

ಇಳಿಜಾರು ಮುಗಿಯಿತು. ಕಾರು ಚಾಲೂ ಆಗಲಿಲ್ಲ. ಒಂಬತ್ತು ಹೊಡೆದಿತ್ತು. ಮಾವನವರು ಇಳಿದು ನನ್ನನ್ನು ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಅಲ್ಲೇ ಒಂದು ಜೀಪು ಹಿಂದಿರುಗಲು ತಿರುಗುತ್ತಿತ್ತು. ಚಂದೌಲಿ ಕಡೆಯ ಹಳ್ಳಿಯಿಂದ ಹೆಣ ಹೊತ್ತು ತಂದದ್ದು. ಬಂಧುಗಳು ಚಿತೆಯ ಬಳಿ ಇಳಿದಿದ್ದರು, ಜೀಪು ಖಾಲಿ. ದಾರಿ ಮೊಗಲ್‌ಸರಾಯಿಯ ಮೇಲೇ. ಚಾಲಕ ಒಪ್ಪಿದ. ಒಪ್ಪದವರು ಮಾವನವರು. ಜೀಪಿನ ಮೇಲೆ ಇನ್ನೂ ಚೆಂಡುಹೂವಿನ ಎಸಳುಗಳಿದ್ದವು.

ಚಾಲಕ ಸಮಾಧಾನ ಹೇಳಿದ. "ಬರುವಾಗ ಅವರು ಮಲಗಿ ಬಂದರು ಬಾಬೂಜಿ, ನೀವು ಕೂತು ಹೋಗುತ್ತೀರಿ. ಚಿಂತೆ ಏನು?"

ಮಾವನವರು ಇನ್ನೂ ಅನುಮಾನಿಸುತ್ತಿದ್ದರು. ಅತ್ತೆ ತಂಬಿಗೆಯನ್ನು ಎದೆಗವಚಿಕೊಂಡು ಆಗಲೇ ಒಂದು ಕಾಲು ಮೇಲಿಟ್ಟಿದ್ದರು.

"ಕಾಶ್ಯಾಗ ಎಂಥಾ ಮೈಲಿಗಿ? ಅಲ್ಲೆ ಹುಡುಗೀ ನಿಶ್ಚಯ ತಪ್ತಂದ್ರ ಅದು ಮೈಲಿಗಿ. ಏರ್ರಿ ಸುಮ್ನ."

ಏರಿದರು. ನಾನು ಹಿಂದೆ ನೇತಾಡಿಕೊಂಡು ಹೋದೆ. ಸೇತುವೆಯ ಮೇಲೆ ಎದುರಾದವರೆಲ್ಲ ನಮಗೆ ದಾರಿ ಬಿಟ್ಟರು. ಅಷ್ಟು ಗೌರವದಿಂದ ನಾವು ಎಂದೂ ಪ್ರಯಾಣ ಮಾಡಿರಲಿಲ್ಲ. ರೈಲು ಸಿಕ್ಕಿತು. ಗುರುವಾರ ನಿಶ್ಚಿತಾರ್ಥವೂ ಆಯಿತು. ಮಾವನವರು ಬರೆದ ಕಾಗದದಲ್ಲಿ ಮದುವೆಗೆ ತಪ್ಪದೆ ಬರಬೇಕೆಂದಿತ್ತು. ಆಮಂತ್ರಣ ಸುಮಿತ್ರಾಳ ಹೆಸರಿಗಿತ್ತು.

ಆ ಭಾನುವಾರ ಮಧ್ಯಾಹ್ನ, ಪೈಲ್ವಾನರು ಕಾರನ್ನು ಮಠದ ಕೊಟ್ಟಿಗೆಗೆ ತಳ್ಳಿ ಹೋದ ಮೇಲೆ, ಸುಮಿತ್ರಾ ಕೇಳಿದಳು. ನೀವು ಮುಟ್ಟುವ ಮುಂಚೆ ಹೊರಡುತ್ತಿತ್ತು, ಆಮೇಲೆ ಏನು ಬದಲಾಯಿತು? ತಂತಿಗಳು ಅಡ್ಡಾದಿಡ್ಡಿ ಇದ್ದವು, ಸಾಲಾಗಿ ಹಾಕಿದೆ ಎಂದೆ.

"ಅದಕ್ಕ ಅದರದೇ ಒಂದು ಸಾಲು ಇದ್ದೀತು. ಮೊದಲಿನಂಗ ಅಡ್ಡಾದಿಡ್ಡಿ ಹಾಕ್ರಿ."

ಅವಳು ಹೇಳಿದ್ದೇ ಸರಿ ಎಂದು ಈಗ ನನಗೂ ಖಾತ್ರಿಯಾಗಿದೆ. ಆದರೆ ಮೊದಲು ಹೇಗಿತ್ತೆಂದು ನಾನು ಬರೆದಿಟ್ಟಿರಲಿಲ್ಲ. ಹಾಲಿನ ಲೆಕ್ಕ, ಅಗಸನ ಲೆಕ್ಕ, ಮಂಜು ಬಿದ್ದ ದಿನಗಳ ಲೆಕ್ಕ ಇಡುವ ನಾನು, ಅವ್ಯವಸ್ಥೆಯನ್ನು ದಾಖಲಿಸುವುದು ನನ್ನ ಘನತೆಗೆ ಕಡಿಮೆ ಎಂದುಕೊಂಡಿದ್ದೆ.

ನಾಲ್ಕು ತಂತಿಗಳನ್ನು ಇಪ್ಪತ್ತನಾಲ್ಕು ಬಗೆಯಲ್ಲಿ ಜೋಡಿಸಬಹುದು. ಬ್ಯಾಟರಿಗೆ ಚಾರ್ಜ್ ಮಾಡಿಸಿ ಹನ್ನೊಂದನ್ನು ನೋಡಿದ್ದೇನೆ. ಏಳನೆಯದಕ್ಕೆ ಎಂಜಿನ್ ಒಮ್ಮೆ ಕೆಮ್ಮಿತು. ವ್ಯವಸ್ಥಾಪಕರು ಸಿಕ್ಕಾಗಲೆಲ್ಲ ಕಾರು ಹೇಗೆ ಓಡಿತೆಂದು ಕೇಳುತ್ತಾರೆ. ಅತ್ತೆ ಮಾವ ಸುಖವಾಗಿ ತಲುಪಿದರು ಎನ್ನುತ್ತೇನೆ. ಮಠದ ಚಾಲಕ ಈ ವಾರ ಊರಿನಿಂದ ಬರುತ್ತಾನಂತೆ.

ಆದ್ದರಿಂದ ಓದುಗರಲ್ಲಿ ಯಾರಾದರೂ ಇದನ್ನು ಬಲ್ಲವರಿದ್ದರೆ ದಯವಿಟ್ಟು ಕೂಡಲೇ ನನಗೆ ಬರೆಯಿರಿ. ಪ್ಲಗ್ಗಿನ ಸಿದ್ಧಾಂತ ಬೇಡ, ಅದು ನನಗೆ ಗೊತ್ತಿದೆ, ಗೊತ್ತಿದ್ದುದರಿಂದಲೇ ಹೀಗಾಯಿತು. ಯಾವ ತಂತಿಯ ಪಕ್ಕ ಯಾವುದು ಎಂಬುದನ್ನಷ್ಟೇ ತಿಳಿಸಿದರೆ ಸಾಕು. ವಿಳಾಸದಲ್ಲಿ ನನ್ನ ಹೆಸರಿನ ಕೆಳಗೆ ಸುಮಿತ್ರಾಳ ಹೆಸರನ್ನೂ ಸೇರಿಸಿ. ಜೋಡಿಸುವವಳು ಅವಳು. ನನಗೆ ಟಾರ್ಚು ಹಿಡಿಯಲು ಅನುಮತಿ ಸಿಕ್ಕಿದೆ.