ಬೆರಳುದ್ದದ ತಿಜೋರಿಯ ಗೃಹಪ್ರವೇಶ

ದಾರಿಯಲ್ಲೇ ಯಾರಾದರೂ ಪೊಟ್ಟಣ ಬಿಚ್ಚಿ ನಕಲಿ ಮಾಲು ತುಂಬಿಸಬಹುದಿತ್ತು. ವಿಳಾಸದಲ್ಲಿ ಒಂದಕ್ಷರ ತಪ್ಪಿ ನನ್ನ ದುಡ್ಡು ಯಾವುದೋ ದೇಶದ ಯಾವನದೋ ಪಾಲಾಗಬಹುದಿತ್ತು. ಬೆಳಗಾಗುವುದರೊಳಗೆ ಸರ್ಕಾರ ಕ್ರಿಪ್ಟೋವನ್ನೇ ನಿಷೇಧಿಸಬಹುದಿತ್ತು. ಅಂತರರಾಷ್ಟ್ರೀಯ ಹ್ಯಾಕರುಗಳು ಸಭೆ ಸೇರಿ, ಉಳಿದ ಕೆಲಸವೆಲ್ಲ ಬಿಟ್ಟು ನಮ್ಮ ಯಲ್ಲಾಪುರದ ಮೇಲೆ ಬೀಳಬಹುದಿತ್ತು.

ಇಷ್ಟಕ್ಕೂ ನಾನು ಸಿದ್ಧನಿದ್ದೆ. ಚಿಂತೆ ಮಾಡುವುದರಲ್ಲಿ ನನಗೆ ದೀರ್ಘಕಾಲದ ಸೇವಾನುಭವವಿದೆ!

ವಿಷಯ ಇಷ್ಟೆ. ನಾನು ಧ್ವನಿಮುದ್ರಿಸಿಕೊಂಡಿದ್ದ ಮಂಗಟ್ಟೆ ಹಕ್ಕಿಯ ಕೂಗನ್ನು ವಿದೇಶದ ಕಂಪನಿಯೊಂದು ಕೊಂಡಿತ್ತು. ನನ್ನ ಹವ್ಯಾಸಕ್ಕೆ ಸಿಕ್ಕ ಮೊಟ್ಟಮೊದಲ ಸಂಭಾವನೆ! ಕೊಡುವುದು ಮಾತ್ರ ಕ್ರಿಪ್ಟೋದಲ್ಲೇ ಅಂತೆ. ಭದ್ರವಾಗಿ ಪಡೆಯೋಣವೆಂದು ಹಾರ್ಡ್‌ವೇರ್ ವ್ಯಾಲೆಟ್ ತರಿಸಿದೆ. ನೋಡಲು ಪೆನ್‌ಡ್ರೈವ್, ಸ್ವಭಾವದಲ್ಲಿ ತಿಜೋರಿ. ಕಂಪ್ಯೂಟರಿಗೆ ಸಿಕ್ಕಿಸಿದರೆ ಅದರ ಪುಟ್ಟ ಪರದೆಯಲ್ಲಿ ಹಣ ಪಡೆಯುವ ವಿಳಾಸ ಮೂಡುತ್ತದೆ. ಸಂಜೆಯೊಳಗೆ ಆ ವಿಳಾಸವನ್ನು ಕಂಪನಿಗೆ ಕಳಿಸಿದರೆ ಹಣ. ಇಲ್ಲವಾದರೆ ಮುಂದಿನ ತಿಂಗಳು.

ನಮ್ಮ ಮನೆಗೆ ಮಿಕ್ಸರ್ ಬರಲಿ, ಪಂಪ್‌ಸೆಟ್ ಬರಲಿ, ಗಂಧ-ಕುಂಕುಮ ಹಚ್ಚದೆ ಸ್ವಿಚ್ ಒತ್ತುವಂತಿಲ್ಲ.

“ಈ ಬೆರಳುದ್ದದ ಸಾಮಾನಿಗೂ ಪೂಜೆಯಾ? ಹಚ್ಚಲೆ ಜಾಗ ಎಲ್ಲಿದ್ದು?” ಎಂದಳು ನನ್ನ ಹೆಂಡತಿ ಸಾವಿತ್ರಿ.

“ಇದಕ್ಕೇ ಮೊದಲು ಬೇಕು! ಅಪಾಯ ಎಷ್ಟಿದ್ದು ಹೇಳಿ ನಿಂಗೆ ಗೊತ್ತಿಲ್ಲೆ,” ಎಂದು ನಾನೇ ಗಂಧ ತೇಯ್ದು, ಉಂಗುರ ಬೆರಳಿನಿಂದ ಧಾರಾಳವಾಗಿ ಹಚ್ಚಿ, ಊದುಬತ್ತಿ ಬೆಳಗಿದೆ.

ಆಮೇಲೆ ಬಾಗಿಲ ಚಿಲಕ ಹಾಕಿ, ಕಿಟಕಿ ಮುಚ್ಚಿ, ಕೇಬಲ್ ಸಿಕ್ಕಿಸಿದೆ. ಅರ್ಧಕ್ಕೇ ನಿಂತಿತು. ಒತ್ತಿದೆ. ಪರದೆ ಕಪ್ಪು. ತಿರುಗಿಸಿ ಒತ್ತಿದೆ. ಕಪ್ಪೇ!

“ಸಾವಿತ್ರೀ, ಮೋಸ ಆತು! ನಕಲಿ ಮಾಲು!”

“ಕೊಡಿ ಇಲ್ಲಿ, ಆನು ನೋಡ್ತೆ.”

“ಮುಟ್ಟಡ! ಪೊಲೀಸರು ಬಂದ್ರೆ ಬೆರಳಚ್ಚು ಬೇಕಾಗ್ತು!”

ತಡಮಾಡದೆ ಕಂಪನಿಗೆ ಗಂಭೀರವಾದೊಂದು ಇಮೇಲ್ ಬರೆದೆ: ನನ್ನ ಭದ್ರತಾ ವ್ಯವಸ್ಥೆಯ ಮೇಲೆ ದಾಳಿ ನಡೆದಿರುವ ಬಲವಾದ ಶಂಕೆಯಿರುವುದರಿಂದ ಪಾವತಿಯನ್ನು ಈ ಕೂಡಲೇ ತಡೆಹಿಡಿಯಬೇಕಾಗಿ ವಿನಂತಿ.

ಹಣ ಯಾವಾಗ ಎಂದು ಕೇಳಿದಾಗಲೆಲ್ಲ ವಾರಗಟ್ಟಲೆ ಮೌನವಾಗಿರುತ್ತಿದ್ದ ಕಂಪನಿ, ಬೇಡ ಎಂದ ಕೂಡಲೇ ಉತ್ತರಿಸಿತು! ತಡೆಹಿಡಿಯಲಾಗಿದೆ, ಮುಂದಿನ ತಿಂಗಳು ನೋಡೋಣ, ನಿಮ್ಮ ಜಾಗರೂಕತೆ ಮೆಚ್ಚತಕ್ಕದ್ದು.

ಈ ಪ್ರಶಸ್ತಿಪತ್ರವನ್ನು ಓದಿ ಹೇಳೋಣವೆಂದು ತಿರುಗಿದರೆ, ಸಾವಿತ್ರಿ ವ್ಯಾಲೆಟ್ಟನ್ನು ಕನ್ನಡಕದ ಹತ್ತಿರ ಹಿಡಿದಿದ್ದಳು. ಪೊರಕೆಯ ಕಡ್ಡಿಯಿಂದ ಕೇಬಲ್ ಸಿಕ್ಕಿಸುವ ಕಿಂಡಿಯನ್ನು ಮೆಲ್ಲಗೆ ಕೆರೆದಳು. ಏನೋ ಉದುರಿತು. ಮೂಸಿ ನೋಡಿದಳು.

“ನಿಮ್ಮ ಹ್ಯಾಕರ್ ಸಿಕ್ಕಿದ ಮಾರಾಯ್ರೆ. ಪರಿಮಳ ಚೊಲೋ ಇದ್ದು.”

ಈಗ ಕೇಬಲ್ ಸಲೀಸಾಗಿ ಒಳಹೋಯಿತು. ಪರದೆ ಬೆಳಗಿ ನನ್ನನ್ನು ಆದರದಿಂದ ಸ್ವಾಗತಿಸಿತು.

ಕಿಂಡಿಯಲ್ಲಿ ಕೂತಿದ್ದದ್ದು ಒಂದು ಚಿಟಿಕೆ ಗಂಧ. ನನ್ನ ಉಂಗುರ ಬೆರಳಿನದೇ.