ಭೇಟಿಯಾಗಿದೆ, ಸಲಹೆ ನೀಡಲಾಗಿದೆ

ಎಲ್ಲ ರಗಳೆಗೂ ಮೂಲ ಬೆಂಕಿಪೊಟ್ಟಣದಷ್ಟಿದ್ದ ಒಂದು ರಬ್ಬರ್ ಮೊಹರು.

ದೂರಶಿಕ್ಷಣಕ್ಕೆ ಸೇರಿದವರಲ್ಲಿ ಮೂರನೇ ಒಂದು ಪಾಲು ಅರ್ಧದಲ್ಲೇ ಓದು ಬಿಟ್ಟು ಹೋಗುತ್ತಿದ್ದಾರೆಂದು ವಿಶ್ವವಿದ್ಯಾಲಯ ಒಬ್ಬೊಬ್ಬ ಮೇಷ್ಟ್ರಿಗೂ ಇಪ್ಪತ್ತು ಮಂದಿಯನ್ನು ಹಂಚಿ, ಇವರಿಗೆ ನೀವೇ ಸಲಹೆಗಾರರು ಎಂದಿತ್ತು. ತಿಂಗಳಿಗೊಮ್ಮೆ ಅವರನ್ನು ಕಂಡು, ಕಷ್ಟ ಕೇಳಿ, ನಾಲ್ಕು ಮಾತು ಹೇಳಿ, ಫಾರಂ ತುಂಬಬೇಕು. ಸಂಖ್ಯಾಶಾಸ್ತ್ರದ ಮೇಷ್ಟ್ರು ತಲೆಗೆ ಅರ್ಧ ಗಂಟೆಯಂತೆ ಗುಣಿಸಿ ನೋಡಿ ಬೆವರಿದರು. ದೂರಶಿಕ್ಷಣದವರನ್ನು ದೂರದಲ್ಲೇ ಇಡುವುದು ನ್ಯಾಯ ಎಂದು ಸಮಾಧಾನ ಹೇಳಿಕೊಂಡು, 'ಭೇಟಿಯಾಗಿದೆ. ಸಲಹೆ ನೀಡಲಾಗಿದೆ' ಎಂಬ ಮೊಹರು ಮಾಡಿಸಿಕೊಂಡರು. ಮೊದಲ ತಿಂಗಳು ಒತ್ತುವಾಗ ನಾಚಿಕೆಯಾಯಿತು. ಎರಡನೇ ತಿಂಗಳು ಶಾಯಿ ಸರಿಯಾಗಿ ಹತ್ತಿದೆಯೇ ಎಂಬುದಷ್ಟೇ ಚಿಂತೆ. ಹೀಗೆ ಒಂಬತ್ತು ತಿಂಗಳು ಕಳೆದವು.

ಹತ್ತನೇ ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಫೈಲಮ್ಮ ಎಂದಿನಂತೆ ಫಾರಂಗಳ ಕಟ್ಟು ತಂದು ಮೇಜಿನ ಮೂಲೆಯಲ್ಲಿಟ್ಟರು. ನಲವತ್ತು ದಾಟಿದ ಈ ಹೆಂಗಸು ವಿಭಾಗದ ಅಟೆಂಡರ್. ದಿನವಿಡೀ ಫೈಲು ಹೊರುವುದರಿಂದ ಎಲ್ಲರ ಬಾಯಲ್ಲೂ ಫೈಲಮ್ಮ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು.

"ಸಾರ್, ಇದರಲ್ಲಿ ಒಂದು ಕಾಗದ..."

"ಗೊತ್ತಮ್ಮ, ಗೊತ್ತು. ಬಾಗಿಲು ಹಾಕ್ಕೊಂಡು ಹೋಗು."

ಮೇಷ್ಟ್ರು ಕಣ್ಣನ್ನು ದಿನಪತ್ರಿಕೆಯ ಮೇಲಿಟ್ಟು ಕೈಯನ್ನು ಕಟ್ಟಿನ ಮೇಲೆ ಬಿಟ್ಟರು. ಇಪ್ಪತ್ತೊಂದು ಸಲ ಮೊಹರು ಬಿತ್ತು. ಇಪ್ಪತ್ತು ಫಾರಂಗೆ ಇಪ್ಪತ್ತೊಂದು ಹೇಗಾಯಿತೆಂಬುದು ಸಂಖ್ಯಾಶಾಸ್ತ್ರದವರಿಗೇ ಹೊಳೆಯಲಿಲ್ಲ. ಫೈಲಮ್ಮ ಕಟ್ಟನ್ನು ಡೀನ್ ಕಚೇರಿಗೆ ಹೊತ್ತೊಯ್ದರು.

ಹನ್ನೊಂದಕ್ಕೆ ಡೀನ್ ಮೇಡಂ ಫೋನು. ಇಡೀ ವಿಶ್ವವಿದ್ಯಾಲಯದಲ್ಲಿ ಒಬ್ಬರೂ ಬಿಟ್ಟು ಹೋಗದ ಪಟ್ಟಿ ಮೇಷ್ಟ್ರದ್ದೊಂದೇ ಅಂತೆ. ಅದರಲ್ಲೂ ಹದಿನೇಳನೇ ನಂಬರಿನಾಕೆ ಅರ್ಧವಾರ್ಷಿಕದಲ್ಲಿ ಫೇಲಾದರೂ ಉಳಿದಿದ್ದಾಳೆ. ಏನು ಹೇಳಿ ಉಳಿಸಿಕೊಂಡಿರಿ ಎಂದು ಅವಳ ಬಾಯಿಂದಲೇ ಕೇಳಬೇಕು. ನಾಲ್ಕು ಗಂಟೆಗೆ ಕರೆಸಿ, ನಿಮ್ಮ ಬಡ್ತಿಯ ಕಾಗದವನ್ನೂ ತರುತ್ತೇನೆ ಎಂದರು ಮೇಡಂ.

ಬಡ್ತಿ ಎಂಬ ಮಾತಿಗೆ ಅರಳಿದ ಮೇಷ್ಟ್ರ ಮುಖ ಹದಿನೇಳು ಎಂಬ ಮಾತಿಗೆ ಬಾಡಿತು. ರಿಜಿಸ್ಟರಿನಲ್ಲಿ ಹೆಸರನ್ನು ಎರಡು ಸಲ ಓದಿದರು. ಯಾವ ಮುಖವೂ ನೆನಪಾಗಲಿಲ್ಲ. ನೆನಪಾಗಲು ನೋಡಿದ್ದರೆ ತಾನೆ? ಪಕ್ಕದಲ್ಲಿದ್ದ ನಂಬರನ್ನು ಮೊಬೈಲಿನಲ್ಲಿ ಒತ್ತಿದರು. ಅದೇ ಹೊತ್ತಿಗೆ ಮೂಲೆಯಲ್ಲಿದ್ದ ವಿಭಾಗದ ಫೋನು ಬಡಿದುಕೊಳ್ಳತೊಡಗಿತು. ಅದನ್ನ ಯಾರಾದ್ರೂ ಎತ್ತಿ ಎಂದು ರೇಗಿದರು. ಫೈಲಮ್ಮ ಓಡಿ ಬಂದು ಎತ್ತಿದರು. ಆಕೆಯ ಹಲೋ ಮೇಷ್ಟ್ರ ಎರಡು ಕಿವಿಗೂ ಬೇರೆ ಬೇರೆ ದಾರಿಯಿಂದ ಬಂತು.

"ಇಡಮ್ಮ, ನಾನೇ ಮಾಡಿದ್ದು. ಯಾರೋ ಪುಣ್ಯಾತ್ಗಿತ್ತಿ ನಮ್ಮ ನಂಬರನ್ನೇ ಬರೆದು ಮೋಸ ಮಾಡಿದಾಳೆ."

"ಸಾರ್, ಅದು ಮೋಸ ಅಲ್ಲ..."

"ಆಮೇಲೆ ಹೇಳು. ಬಾಗಿಲು ಹಾಕ್ಕೊಂಡು ಹೋಗಮ್ಮ."

ಪಕ್ಕದ ಮೇಜಿನ ಅರ್ಥಶಾಸ್ತ್ರದ ಮೇಷ್ಟ್ರು ಕೇಳದಿದ್ದರೂ ಸಹಾಯ ಮಾಡುವ ಜಾತಿಯವರು. ಹದಿನೇಳು ಸಿಗದಿದ್ದರೆ ಇನ್ನೊಂದು ಹದಿನೇಳನ್ನು ತಂದರಾಯಿತು ಎಂದರು. ಅವರ ಅಕ್ಕನ ಮಗಳು ನಾಟಕದಲ್ಲಿ ಬಹುಮಾನ ಪಡೆದವಳು. ಮೇಷ್ಟ್ರು ಬೇಡ ಬೇಡ ಎನ್ನುತ್ತಲೇ ಮೂರು ಗಂಟೆಗೆ ಅವಳಿಗೆ ಮಾತು ಕಲಿಸತೊಡಗಿದ್ದರು. ಮಗಳ ವಯಸ್ಸಿನವಳಿಗೆ ಸುಳ್ಳು ಕಲಿಸುವಾಗ ನಾಲಿಗೆ ಒಣಗಿತು. ನೀರು ಕುಡಿದು ಮುಂದುವರಿಸಿದರು.

ನಾಲ್ಕಕ್ಕೆ ಸರಿಯಾಗಿ ಡೀನ್ ಮೇಡಂ ಬಂದರು. ಬೆಳಗಿನ ಕಟ್ಟು ಹೊತ್ತು ಹಿಂದೆಯೇ ಫೈಲಮ್ಮ.

ಹುಡುಗಿ ಬಹುಮಾನಕ್ಕೆ ತಕ್ಕಂತೆ ಆಡಿದಳು. ತಾನು ಹದಿನೇಳು ಎಂದಳು. ಸಾರ್ ಒಂಬತ್ತು ತಿಂಗಳು ತಂದೆಯಂತೆ ಬುದ್ಧಿ ಹೇಳದಿದ್ದರೆ ಎಂದೋ ಓದು ಬಿಡುತ್ತಿದ್ದೆ ಎಂದು ಕಲಿಸದಿದ್ದ ಕಣ್ಣೀರನ್ನೂ ಹಾಕಿದಳು. ಬಾಗಿಲ ಬಳಿ ಫೈಲಮ್ಮ ಅವಳನ್ನೇ ಬೆರಗಾಗಿ ನೋಡುತ್ತಿದ್ದರು.

ಮಧ್ಯಾಹ್ನ ಕಟ್ಟು ಬಿಚ್ಚಿದಾಗ ಕಣ್ಣಿಗೆ ಬಿದ್ದಿದ್ದ ಒಂದು ಕಾಗದವನ್ನು ಮೇಡಂ ಅದರಿಂದ ಎಳೆದರು. "ಹಾಗಾದ್ರೆ ಇವತ್ತು ಬೆಳಿಗ್ಗೆ ಯಾಕಮ್ಮ ಬಿಟ್ಟೆ?"

ಅದು ಹದಿನೇಳನೇ ನಂಬರಿನವರು ಓದು ಬಿಡಲು ಕೊಟ್ಟ ಅರ್ಜಿ. ಕೆಳಗೆ ನೀಲಿ ಶಾಯಿಯಲ್ಲಿ, ಅಚ್ಚುಕಟ್ಟಾಗಿ, 'ಭೇಟಿಯಾಗಿದೆ. ಸಲಹೆ ನೀಡಲಾಗಿದೆ.'

ಹುಡುಗಿ ಅಳು ನಿಲ್ಲಿಸಿ ಪಕ್ಕದಲ್ಲಿದ್ದ ಅರ್ಥಶಾಸ್ತ್ರದ ಮೇಷ್ಟ್ರತ್ತ ತಿರುಗಿದಳು. "ಮಾವ, ಇದನ್ನ ಹೇಳಿಕೊಡ್ಲೇ ಇಲ್ಲವಲ್ಲ?"

ಮಾವನಿಗೆ ಆ ಗಳಿಗೆಯಲ್ಲೇ ಎಲ್ಲೋ ತುರ್ತು ಕೆಲಸ ನೆನಪಾಗಿ, ಅವಳ ಕೈಹಿಡಿದು ಜಾಗ ಖಾಲಿ ಮಾಡಿದರು. ಮೇಷ್ಟ್ರು ಮಾತ್ರ ಎಲ್ಲಿಗೂ ಹೋಗುವಂತಿರಲಿಲ್ಲ.

"ಮೇಡಂ," ಫೈಲಮ್ಮ ಮೆಲ್ಲಗೆ ಮುಂದೆ ಬಂದರು. "ಹದಿನೇಳು ನಾನೇ. ನಗ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ. ಸಾರ್‌ದೇನೂ ತಪ್ಪಿಲ್ಲ. ಪ್ರತಿ ತಿಂಗಳು ಒಂದನೇ ತಾರೀಕು ನಾನೇ ಅವರ ಮುಂದೆ ನಿಂತು ಫಾರಂ ಕೊಡ್ತಿದ್ದೆ. ಭೇಟಿ ಆಗಿರೋದು ನಿಜ. ಸಲಹೆನೂ ಕೊಟ್ಟಿದಾರೆ."

"ಏನಂತ?"

"ಬಾಗಿಲು ಹಾಕ್ಕೊಂಡು ಹೋಗು ಅಂತ."

ಆಕೆ ಅದನ್ನು ಕೊಂಕಿಗೆ ಹೇಳಲಿಲ್ಲ, ಮೇಷ್ಟ್ರನ್ನು ಉಳಿಸಲೆಂದೇ ಹೇಳಿದ್ದು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಅನಿಸಿತು. ಕಿವಿಯವರೆಗೂ ಬಿಸಿಯೇರಿ ತಲೆ ತಗ್ಗಿತು. ಮೇಡಂ ಮೊಹರನ್ನು ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು, ಬಡ್ತಿಯ ಕಾಗದವನ್ನೂ. ಐದರೊಳಗೆ ಈಕೆ ತಾನಾಗಿಯೇ ಅರ್ಜಿ ಹಿಂದಕ್ಕೆ ಪಡೆದರೆ ಮಾತ್ರ ಅದು ಹೊರಗೆ ಬರುತ್ತದೆ ಎಂದು ಹೇಳಿ, ಅರ್ಜಿಯನ್ನು ಮೇಜಿನ ಮೇಲೆ ಬಿಟ್ಟು ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಮೇಷ್ಟ್ರು ಎದ್ದು ಕುರ್ಚಿ ಎಳೆದುಕೊಟ್ಟರು. ಇಷ್ಟು ವರ್ಷದಲ್ಲಿ ಫೈಲಮ್ಮ ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು.

"ಯಾಕಮ್ಮ ಬಿಡ್ತಿದ್ದೀರಿ?"

"ಒಂದು ಪಾಠ ಎಷ್ಟು ಓದಿದರೂ ತಲೆಗೆ ಹೋಗ್ಲಿಲ್ಲ ಸಾರ್. ಯಾರನ್ನ ಕೇಳೋದು ಗೊತ್ತಾಗ್ಲಿಲ್ಲ. ಫೈಲಮ್ಮ ಹೋಗಿ ಫೇಲಮ್ಮ ಆದೆ."

"ಯಾವ ಪಾಠ?"

"ನೀವು ಬರೆದದ್ದೇ ಸಾರ್. ಮೂರನೇದು."

ಮೇಷ್ಟ್ರು ಪುಸ್ತಕ ತೆಗೆದು ಓದಿದರು. ಮೊದಲ ವಾಕ್ಯ ಹನ್ನೊಂದು ಸಾಲು ನಡೆದರೂ ಮುಗಿಯುವ ಲಕ್ಷಣವಿರಲಿಲ್ಲ. ಅವರಿಗೇ ಅರ್ಥವಾಗಲಿಲ್ಲ. ಹಾಗೆಂದು ಒಪ್ಪಿಕೊಂಡು, ಪುಸ್ತಕ ಮಡಚಿಟ್ಟು, ಬಾಯಿಮಾತಿನಲ್ಲೇ ಸರಾಸರಿ ಎಂದರೇನೆಂದು ಹೇಳಿದರು. ದಿನಕ್ಕೆ ಎಷ್ಟು ಫೈಲು, ವಾರಕ್ಕೆ ಎಷ್ಟು ಫೈಲು ಎಂದು ಕೇಳುತ್ತ ಹೋದಂತೆ ಫೈಲಮ್ಮನ ಕಣ್ಣು ಬೆಳಗಿತು. ಇಷ್ಟೇನಾ ಸಾರ್ ಎಂದರು. ನಾಳೆಯಿಂದ ದಿನಾ ಅರ್ಧ ಗಂಟೆ ಕೂತು ಓದೋಣ ಎಂದು ಮೇಷ್ಟ್ರು ಮನಸಾರೆ ಮಾತು ಕೊಟ್ಟರು.

ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಫೈಲಮ್ಮ ಅರ್ಜಿಯನ್ನು ಕೈಗೆತ್ತಿಕೊಂಡರು. "ಇದು ಬೇಡ ಅಂತ ಮೇಡಂಗೆ ಹೇಳಿ ಬರ್ತೀನಿ ಸಾರ್."

ಮೇಷ್ಟ್ರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನೆಮ್ಮದಿಯಿಂದ ಕುರ್ಚಿಗೆ ಒರಗಿ ದಿನಪತ್ರಿಕೆ ಕೈಗೆತ್ತಿಕೊಂಡರು. ಫೈಲಮ್ಮ ಹೊಸ್ತಿಲು ದಾಟುತ್ತಿದ್ದರು. ಒಂಬತ್ತು ತಿಂಗಳ ರೂಢಿ ಮೇಷ್ಟ್ರನ್ನು ಕೇಳದೆಯೇ ಬಾಯಿಂದ ಹೊರಬಿತ್ತು.

"ಬಾಗಿಲು ಹಾಕ್ಕೊಂಡು ಹೋಗಮ್ಮ."

ಫೈಲಮ್ಮ ನಿಂತರು. ಮೇಷ್ಟ್ರು ನಾಲಿಗೆ ಕಚ್ಚಿಕೊಂಡು ಪತ್ರಿಕೆ ಇಳಿಸುವಷ್ಟರಲ್ಲಿ ಆಕೆ ಹಿಂದಿರುಗಿ ಬಂದು, ಪ್ರತಿ ಒಂದನೇ ತಾರೀಕು ಕಟ್ಟು ಇಡುತ್ತಿದ್ದ ಅದೇ ಮೂಲೆಯಲ್ಲಿ ಅರ್ಜಿಯನ್ನಿಟ್ಟು, "ಆಯ್ತು ಸಾರ್, ಇದು ಇಲ್ಲೇ ಇರಲಿ" ಎಂದರು. ಆಮೇಲೆ ಹೇಳಿದ ಹಾಗೆಯೇ ಬಾಗಿಲು ಹಾಕಿಕೊಂಡು ಹೋದರು.